ಚಿಕ್ಕಮ್ಮನ ಗೋಡೆ

ಆ ಸ್ಟುಡಿಯೋದಲ್ಲಿ ತಾತಂದಿರಿಗೆ ಕಾಲು ಕೊಡುವುದು ಚಿಕ್ಕಮ್ಮನ ಕೆಲಸ. ನಗಬೇಡಿ, ನಿಜವಾಗಿಯೂ ಅದೇ ಕೆಲಸ. ಮದುವೆಗೆ ಮೂರು ತಿಂಗಳು ಮುಂಚೆ ತೀರಿಕೊಂಡ ತಾತ, ರಜೆ ಸಿಗದೆ ದೂರದಲ್ಲೇ ಉಳಿದ ಅಣ್ಣ, ಹೆರಿಗೆಗೆ ಹೋಗಿದ್ದ ನಾದಿನಿ, ಇವರನ್ನೆಲ್ಲ ಹಳೆಯ ಫೋಟೋಗಳಿಂದ ಕತ್ತರಿಸಿ ತಂದು ಮನೆಯವರ ಗುಂಪಿನಲ್ಲಿ ನಿಲ್ಲಿಸಿಕೊಡಿ ಎಂದು ಜನ ಬರುತ್ತಾರೆ. ಹಳೆಯ ಫೋಟೋಗಳು ಹೆಚ್ಚಾಗಿ ಸೊಂಟಕ್ಕೇ ಮುಗಿದಿರುತ್ತವೆ. ಸೊಂಟದಿಂದ ಕೆಳಗಿನದನ್ನು ಯಾರಿಂದಲಾದರೂ ಎರವಲು ತರಬೇಕು. ಆ ಎರವಲನ್ನು ಸ್ಟುಡಿಯೋದ ಕ್ಯಾಮೆರಾದವನು ತಂದನೋ, ಎಪ್ಪತ್ತೆಂಟರ ತಾತ ಫುಟ್ಬಾಲ್ ಆಡುವವನ ಕಾಲಿನ ಮೇಲೆ ನಿಂತಿರುತ್ತಾರೆ. ಆಗ ಚಿಕ್ಕಮ್ಮ ಬಾಯಿ ತೆರೆಯಬೇಕು.

ಹೇಗೆ ಹೇಳುತ್ತಾಳೆ ಅನ್ನುವುದರಲ್ಲೇ ಅವಳ ಹೆಚ್ಚುಗಾರಿಕೆ ಇರುವುದು. ತಪ್ಪು ಹುಡುಕುವುದಕ್ಕೆ ಯಾವ ವಿದ್ಯೆಯೂ ಬೇಡ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸುವವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಹೇಳಿಸಿಕೊಂಡವನು ಮುಖ ಊದಿಸಿಕೊಳ್ಳದೆ ಎದ್ದು ಹೋಗಿ ತಿದ್ದಬೇಕಲ್ಲ, ಹಾಗೆ ಹೇಳುವವರು ಎಷ್ಟು ಜನ?

"ತಾತನ ಮುಖ ಕೂಡಿಸಿರೋದು ಚೆನ್ನಾಗಿದೆ ಕಣೋ," ಎಂದು ಶುರು ಮಾಡುತ್ತಾಳೆ. "ಕತ್ತಿನ ಹತ್ರ ಅಂಟಿಸಿದ್ದು ಗೊತ್ತೇ ಆಗಲ್ಲ. ನನ್ನ ಕಣ್ಣು ಮೊದಲು ಅಲ್ಲಿಗೇ ಹೋಯ್ತು. ಆಮೇಲೆ ಕೆಳಗಿಳೀತು. ಇಳಿದಿದ್ದು ಎಲ್ಲೂ ನಿಲ್ಲಲಿಲ್ಲ. ಪಕ್ಕದವರ ಪಾದದ ಕೆಳಗೆ ನೆರಳಿದೆ, ತಾತನ ಕೆಳಗಿಲ್ಲ. ಒಂದು ಬೆರಳಗಲ ನೆರಳು ಕೊಡು, ನೆಲಕ್ಕೆ ಬರ್ತಾರೆ."

"ಸ್ವರ್ಗದಲ್ಲಿರೋರು ಚಿಕ್ಕಮ್ಮ, ಗಾಳೀಲೇ ಇರ್ಲಿ ಬಿಡಿ," ಎನ್ನುತ್ತಾನೆ ಕ್ಯಾಮೆರಾದವನು. ಅವನನ್ನು ಎಲ್ಲರೂ ಕ್ಲಿಕ್ಕು ಎಂದೇ ಕರೆಯುವುದು. ಬಾಯಿಗೂ ಕ್ಯಾಮೆರಾಕ್ಕೂ ಬಿಡುವು ಕೊಡದ ಮನುಷ್ಯ.

"ಸ್ವರ್ಗದಿಂದ ಮೊಮ್ಮಗಳ ಭುಜದ ಮೇಲೆ ಕೈ ಹಾಕೋಕೆ ಎಟುಕಲ್ಲಪ್ಪ. ನೆರಳು ಹಾಕು."

ಅವನು ನಗುತ್ತಲೇ ಹೋಗಿ ನೆರಳು ಹಾಕುತ್ತಾನೆ. ನೋವಾಗಿಲ್ಲ, ಕೆಲಸ ಆಗಿದೆ. ಇದನ್ನೇ ಇವಳು ಇಪ್ಪತ್ತೆರಡು ವರ್ಷದಿಂದ ಮಾಡಿಕೊಂಡು ಬಂದದ್ದು.

ಪ್ರತಿ ಬುಧವಾರ ಮಧ್ಯಾಹ್ನ ಮೂರಕ್ಕೆ ಗೋಡೆ. ಅಂಗಡಿಯ ಕೌಂಟರಿನ ಹಿಂದೆ ಉದ್ದಕ್ಕೊಂದು ಹಲಗೆ ಹೊಡೆದಿದ್ದಾರೆ. ಆ ವಾರ ಕೂಡಿಸಿ, ಕತ್ತರಿಸಿ, ಅಂಟಿಸಿ ಮಾಡಿದ ಚಿತ್ರಗಳನ್ನೆಲ್ಲ ಅದಕ್ಕೆ ಪಿನ್ನು ಚುಚ್ಚಿ ತೂಗುಹಾಕುತ್ತಾರೆ. ಎಲ್ಲರೂ ನಿಂತು ನೋಡಿ ಮಾತಾಡಬೇಕು. ಇದಕ್ಕೆ ನಿಯಮ ಹಾಕಿದವಳು ಚಿಕ್ಕಮ್ಮ. ಎಲ್ಲರ ಮಾತು ಮುಗಿಯುವವರೆಗೆ ಚಿತ್ರ ಯಾರದೆಂದು ಹೇಳುವಂತಿಲ್ಲ. ಮುಗಿದ ಮೇಲೆ ಮಾಡಿದವರು ಕೈ ಎತ್ತಬೇಕು. ಒಳ್ಳೆಯದು ಕೆಟ್ಟದ್ದು ಎನ್ನುವ ಮೊದಲು ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂದು ಹೇಳಬೇಕು, ಏನನ್ನು ಮುಟ್ಟದೆ ಉಳಿಸಬೇಕು ಎಂದೂ ಹೇಳಬೇಕು. ಮೂರನೆಯದು ಕೊನೆಯದು, ಚಿಕ್ಕಮ್ಮನಿಗೆ ಪ್ರಾಣದಂಥದ್ದು: ತಪ್ಪು ಹೇಳಿದವನು ಅದನ್ನು ತಿದ್ದುವ ದಾರಿಯನ್ನೂ ಹೇಳಬೇಕು. ದಾರಿ ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ತಿದ್ದಲಾಗದ ತಪ್ಪನ್ನು ಹೇಳಬಾರದು.

ಒಳ್ಳೆಯ ನಿಯಮ, ಅಲ್ಲವೇ? ಗೋಡೆಗೆ ಒಳ್ಳೆಯದೇ. ಅದನ್ನು ಹೊಟ್ಟೆಯೊಳಗೆ ಇಳಿಸಿಕೊಂಡು ಬದುಕಲು ಹೊರಟರೆ ಏನಾಗುತ್ತದೆ ಎನ್ನುವುದಕ್ಕೆ ಈ ಹೆಂಗಸೇ ಸಾಕ್ಷಿ.

ಅವಳು ಯಾರ ಚಿಕ್ಕಮ್ಮ ಅಂದರೆ, ಸ್ಟುಡಿಯೋ ಮಾಲೀಕನ ಇಬ್ಬರು ಹೆಣ್ಣುಮಕ್ಕಳ ಚಿಕ್ಕಮ್ಮ. ಮಾಲೀಕ ಅವಳ ಭಾವ. ಅಕ್ಕನ ಮೊದಲ ಬಾಣಂತನಕ್ಕೆಂದು ಇಪ್ಪತ್ತೊಂದನೇ ವಯಸ್ಸಿನಲ್ಲಿ ಒಂದು ಚೀಲ ಹಿಡಿದುಕೊಂಡು ಬಂದಳು, ಮೂರು ತಿಂಗಳ ಮಟ್ಟಿಗೆ. ಮಗು ಮಲಗಿದಾಗ ಸುಮ್ಮನೆ ಕೂರುವುದೇಕೆಂದು ಕೆಳಗಿಳಿದು ಚಿತ್ರ ತಿದ್ದುವುದನ್ನು ಕಲಿತಳು. ಕೈ ಕುದುರಿತು. ಮೂರು ತಿಂಗಳು ಮೂರು ವರ್ಷವಾಯಿತು. ಎರಡನೇ ಹೆರಿಗೆಯಲ್ಲಿ ಅಕ್ಕ ಹೋಗಿಬಿಟ್ಟಳು. ಮಗು ಉಳಿಯಿತು. ಆಗ ಹೊರಡುವುದು ಹೇಗೆ? ಕಿರಿಯವಳಿಗೆ ಹಲ್ಲು ಬರಲಿ ಅಂದುಕೊಂಡಳು. ಆಮೇಲೆ ಶಾಲೆ ಸೇರಲಿ. ಆಮೇಲೆ ಹಾಲುಹಲ್ಲು ಬಿದ್ದು ಹೊಸದು ಬರಲಿ, ಹಿರಿಯವಳ ಮದುವೆ ಮುಗಿಯಲಿ. ಹೀಗೆ ಒಂದೊಂದು 'ಆಗಲಿ'ಯ ಹಿಂದೆ ಇನ್ನೊಂದು ಬಂದು ನಿಂತು, ಅವಳಿಗೆ ನಲವತ್ತಮೂರಾಯಿತು.

ಭಾವ ಕೆಟ್ಟವನಾಗಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ಎದ್ದು ಹೋಗಬಹುದಿತ್ತು. ಒಂದು ದಿನ ಗದರಿದವನಲ್ಲ, ಒಂದು ಕೆಟ್ಟ ನೋಟ ನೋಡಿದವನಲ್ಲ. ಎಂಟು ವರ್ಷದ ಹಿಂದೆ ಒಮ್ಮೆ ಅವಳೇ ಧೈರ್ಯ ಮಾಡಿ, "ಭಾವ, ನಾನು ಬೇರೆ ಎಲ್ಲಾದ್ರೂ ಕೆಲಸ ನೋಡ್ಕೊಳ್ಳೋಣಾ ಅಂತ" ಎಂದಿದ್ದಳು. ಆತ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, "ಹೋಗು ಅಂತ ನಾನ್ ಹೇಗಮ್ಮ ಹೇಳ್ಲಿ, ಇರು ಅಂತಾನೂ ಹೇಗೆ ಹೇಳ್ಲಿ? ನಿನ್ನಿಷ್ಟ" ಎಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆಮೇಲೆ ಎರಡು ದಿನ ಆತ ಸರಿಯಾಗಿ ಊಟ ಮಾಡಲಿಲ್ಲ. ಇವಳು ಮೂರನೇ ದಿನ ತಾನೇ, "ಇಲ್ಲ ಬಿಡಿ ಭಾವ, ಸುಮ್ನೆ ಅಂದೆ" ಎಂದಳು. ಆತ ಎರಡನೇ ಸಲ ಅನ್ನ ಹಾಕಿಸಿಕೊಂಡ. ಇಂಥ ಒಳ್ಳೆಯವರ ಕೈಗೆ ಸಿಕ್ಕಿದವರ ಪಾಡು ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಪಾಡು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಕಟ್ಟಡ ಕಿರಿದು, ಎತ್ತರ. ಮೇಲೆ ಮನೆ, ನಡುವೆ ಅಂಗಡಿ, ನೆಲದ ಕೆಳಗೆ ಪ್ರಿಂಟಿನ ಯಂತ್ರ ಮತ್ತು ಚಿಕ್ಕಮ್ಮನ ಕೋಣೆ. ಒಂಬತ್ತಡಿ ಉದ್ದ, ಎಂಟಡಿ ಅಗಲ. ಒಂದು ಮೇಜು, ಕೂತು ಕೂತು ನಡು ತಗ್ಗಾದ ಒಂದು ಕುರ್ಚಿ, ಕಂಪ್ಯೂಟರಿನ ಪರದೆ, ಎದುರು ಗೋಡೆಗೊಂದು ಕ್ಯಾಲೆಂಡರ್. ಬೆಳಿಗ್ಗೆ ಎಂಟೂವರೆಗೆ ಅಡುಗೆ ಮುಗಿಸಿ ಹದಿನಾಲ್ಕು ಮೆಟ್ಟಿಲು, ಮತ್ತೆ ಹದಿನಾಲ್ಕು ಮೆಟ್ಟಿಲು ಇಳಿದರೆ ಮನೆಗೆ ಹತ್ತುವುದು ಸಂಜೆಗೇ. ಮಂಗಳವಾರ ಮಧ್ಯಾಹ್ನದ ಮೇಲೆ ರಜೆ. ಮಂಡಿನೋವು ಬಂದ ಮೇಲೆ ಭಾವ ಅಂಗಡಿಯಿಂದ ಕೆಳಗಿಳಿಯುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಏನು ಬೇಕಾದರೂ ಮೇಲಿನಿಂದಲೇ, "ಚಿಕ್ಕಮ್ಮ" ಎಂದು ಕೂಗುತ್ತಿದ್ದ. ಅವನೂ ಹಾಗೆಯೇ ಕರೆಯುವುದು. ಊರಿಗೆಲ್ಲ ಅವಳು ಚಿಕ್ಕಮ್ಮ.

ಹೀಗೇ ಒಂದು ಬುಧವಾರ ಫೋಟೋಗ್ರಫಿ ಶಾಲೆಯ ಮೇಡಂ ಒಬ್ಬರು ತಮ್ಮ ಅಪ್ಪನ ಚಿತ್ರ ಸರಿ ಮಾಡಿಸಲು ಬಂದಿದ್ದರು. ಬಂದವರು ಗೋಡೆಯ ಹತ್ತಿರ ಮುಕ್ಕಾಲು ಗಂಟೆ ನಿಂತುಬಿಟ್ಟರು. ಆ ದಿನ ಗೋಡೆಯ ಮೇಲಿದ್ದದ್ದು ಅಣ್ಣ ತಮ್ಮಂದಿರ ಚಿತ್ರ. ಜಗಳವಾಡಿಕೊಂಡ ತಮ್ಮ, ಅಣ್ಣನನ್ನು ತೆಗೆದುಹಾಕಿ ಕೊಡಿ ಎಂದು ತಂದದ್ದು. ಕ್ಲಿಕ್ಕು ಅಣ್ಣನನ್ನು ಚೊಕ್ಕವಾಗಿ ಅಳಿಸಿ, ತಮ್ಮನ ಭುಜದ ಮೇಲಿದ್ದ ಅಣ್ಣನ ಕೈಯನ್ನು ಮರೆತಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಿಕ್ಕಮ್ಮ ಮಾತ್ರ, "ಹಿಂದಿನ ಮರ ತುಂಬಿಸಿರೋದನ್ನ ಮುಟ್ಬೇಡ, ಎಲೆ ಎಲೆ ಚೆನ್ನಾಗಿ ಬಂದಿದೆ. ಕೈ ತೆಗೆಯೋಕೆ ಮುಂಚೆ ಒಂದ್ಸಲ ಆ ತಮ್ಮನಿಗೆ ತೋರಿಸು" ಎಂದಳು. ತೋರಿಸಿದರು. ಆ ಮನುಷ್ಯ ಚಿತ್ರ ಹಿಡಿದುಕೊಂಡು ನೋಡಿ, "ಕೈ ಇರ್ಲಿ" ಎಂದ.

ಮೇಡಂ ಹೋಗುವಾಗ ಚಿಕ್ಕಮ್ಮನನ್ನು ಬಾಗಿಲಾಚೆ ಕರೆದರು. "ನಮ್ಮ ವಿದ್ಯಾರ್ಥಿಗಳಿಗೆ ಎರಡೇ ಮಾತು ಬರೋದು. ಸೂಪರ್, ಇಲ್ಲಾ ಚೆನ್ನಾಗಿಲ್ಲ. ನೀವು ಬಂದು ಕಲಿಸ್ತೀರಾ? ಕಾಯಂ ಕೆಲಸ. ಮುಂದಿನ ತಿಂಗಳ ಮೊದಲ ಸೋಮವಾರ ಹನ್ನೊಂದಕ್ಕೆ ಬನ್ನಿ. ನೀವೇ ಕೂಡಿಸಿ ಮಾಡಿರೋ ಒಂದು ಚಿತ್ರ ತನ್ನಿ. ಸ್ಟುಡಿಯೋ ಸೀಲು ಇರೋದು ಬೇಡ, ನಿಮ್ಮದು ಅಂತ ಇರೋದು."

ಇದು ಚಿಕ್ಕಮ್ಮನ ಎದೆಯೊಳಗೆ ಹೋಗಿ ಕೂತಿತು. ಬೇಕು. ಯಾವ ಸೀರೆಯನ್ನೂ, ಯಾವ ಒಡವೆಯನ್ನೂ ಬೇಕೆಂದವಳಲ್ಲ. ಇದು ಬೇಕೆನ್ನಿಸಿತು, ರಾತ್ರಿ ನಿದ್ದೆ ಕೆಡುವಷ್ಟು. ಆದರೆ ತನ್ನದು ಅಂತ ಚಿತ್ರ ಎಲ್ಲಿದೆ? ಸಾವಿರಾರು ಮಾಡಿದ್ದಾಳೆ, ಎಲ್ಲದರ ಬೆನ್ನಿಗೂ ಭಾವನ ಹೆಸರಿನ ದುಂಡು ಸೀಲು.

ಹೊಸದೊಂದು ಮಾಡಿದಳು. ಊಟದ ಬಿಡುವಿನಲ್ಲಿ, ದಿನಕ್ಕೆ ಇಪ್ಪತ್ತು ನಿಮಿಷದಂತೆ, ಕದ್ದು ಮಾಡಿದ ಹಾಗೆ. ತನ್ನ ಕೋಣೆಯನ್ನೇ ಫೋಟೋ ತೆಗೆದಳು. ಕ್ಯಾಲೆಂಡರ್ ಇದ್ದ ಗೋಡೆಯನ್ನು ಕತ್ತರಿಸಿ ಅಲ್ಲಿ ಒಂದು ಕಿಟಕಿ ಕೂರಿಸಿದಳು. ಚೌಕಟ್ಟು ಯಾರದೋ ಹಳೇ ಮನೆಯದು, ಗಾಜು ಒಂದು ಆಸ್ಪತ್ರೆಯದು, ಆಚೆ ಕಾಣುವ ಬೀದಿ, ಒಣಹಾಕಿದ ಬಟ್ಟೆ, ಸೈಕಲ್ ಒರಗಿಸಿಕೊಂಡು ನಿಂತ ಮುದುಕ ಮೂರು ಬೇರೆ ಬೇರೆ ಫೋಟೋಗಳಿಂದ ಬಂದವು. ಕಿಟಕಿಯಿಂದ ಬೆಳಕನ್ನು ಒಳಗೆ ಹರಿಸಿದಳು. ಮೇಜಿನ ಮೇಲೆ, ನೆಲದ ಮೇಲೆ, ಕುರ್ಚಿಯ ಕಾಲಿನ ಮೇಲೂ ಒಂದು ಗೆರೆ ಬಿಸಿಲು. ಕುರ್ಚಿಯಲ್ಲಿ ಬೆನ್ನು ಮುಕ್ಕಾಲು ಪಾಲು ತಿರುಗಿಸಿ ಕೂತ ಹೆಂಗಸು ಅವಳೇ. ಕಿರಿಯವಳು ಎಂದೋ ಫೋನಿನಲ್ಲಿ ತೆಗೆದದ್ದು. ಮುಗಿದ ಮೇಲೆ ನೋಡಿಕೊಂಡಳು. ತಪ್ಪು ಕಾಣಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಅವಳಿಗೂ ಗೊತ್ತಿತ್ತು. ಅದಕ್ಕೇ ಗೋಡೆಗೆ ಹಾಕಬೇಕು, ಹಾಕದೆ ಮೇಡಂ ಮುಂದೆ ಹಿಡಿಯುವುದು ಬೇಡ ಎಂದುಕೊಂಡಳು.

ಆ ಸೋಮವಾರಕ್ಕೆ ಮುಂಚಿನ ಬುಧವಾರ, ಉಳಿದ ಆರು ಚಿತ್ರಗಳ ನಡುವೆ ಅದೂ ನೇತಾಡಿತು. ಅದನ್ನು ಯಂತ್ರಕ್ಕೆ ಹಾಕಿ ತೆಗೆದದ್ದು ಪ್ರಿಂಟಿನವರು, ಮಸಿಯಪ್ಪ. ಮೂವತ್ತು ವರ್ಷದ ಮಸಿ ಉಗುರಿನ ಸಂದಿಯಲ್ಲಿ ಕೂತು ಆ ಹೆಸರು ಬಂದದ್ದು. ಚಿತ್ರ ಯಾರದೆಂದು ಅವರಿಗೆ ಗೊತ್ತಿರಲೇಬೇಕು. ಆದರೆ ಗೋಡೆಯ ಮಾತು ಗೋಡೆಯಲ್ಲೇ ಆಡಬೇಕೆನ್ನುವ ಜನ ಅವರು, ಮುಂಚೆ ತುಟಿ ಬಿಚ್ಚಲಿಲ್ಲ.

ಕ್ಲಿಕ್ಕು ಮೊದಲು ಬಾಯಿ ಹಾಕಿದ. "ನನ್ನ ಕಣ್ಣು ಸೀದಾ ಕಿಟಕಿಗೆ ಹೋಯ್ತು. ಸೈಕಲ್ ತಾತನ್ನ ಮುಟ್ಬೇಡಿ. ತಾತನಿಗೆ ಪಾದಾನೂ ಇದೆ, ನೆರಳೂ ಇದೆ. ಅಲ್ಲಾ, ಇದು ನಮ್ಮ ಕೆಳಗಿನ..." ಎನ್ನುವಷ್ಟರಲ್ಲಿ ಮಸಿಯಪ್ಪನವರ ಚಪ್ಪಲಿ ಅವನ ಕಾಲಿನ ಮೇಲೆ ಬಿತ್ತು. ಅವನು ಮಾತನ್ನು ಅರ್ಧಕ್ಕೇ ನುಂಗಿದ.

ಭಾವ ಕನ್ನಡಕ ಏರಿಸಿ ಹತ್ತಿರ ಹೋದ. "ನಂದೂ ಕಿಟಕಿಗೇ ಹೋಯ್ತು. ಬೆಳಕು ಎಷ್ಟು ಚೆನ್ನಾಗಿ ಬಿದ್ದಿದೆ ನೋಡಿ. ಉಳಿಸ್ಬೇಕು ಅದನ್ನ. ಯಾವ ಆಫೀಸಪ್ಪ ಇದು? ಅಚ್ಚುಕಟ್ಟಾಗಿದೆ. ಈ ಹೆಂಗಸಿನ ಜಾಗದಲ್ಲಿ ಯಾರನ್ನಾದ್ರೂ ಚೆನ್ನಾಗಿ ಕಾಣೋರನ್ನ ಕೂರಿಸಿದ್ರೆ ಇನ್ನೂ ಚೆಂದ."

ಚಿಕ್ಕಮ್ಮ ನೆಲ ನೋಡಿದಳು. ಇಪ್ಪತ್ತೆರಡು ವರ್ಷದ ಕೋಣೆ, ಇಪ್ಪತ್ತೆರಡು ವರ್ಷದ ಬೆನ್ನು. ಒಂದು ಕಿಟಕಿ ಇಟ್ಟದ್ದಕ್ಕೆ ಎರಡರ ಗುರುತೂ ಆ ಮನುಷ್ಯನಿಗೆ ಸಿಕ್ಕಲಿಲ್ಲ. ಅವನ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ತನ್ನ ಮೇಲೆ ನಾಚಿಕೆಯೂ ಬಂತು.

ಮಸಿಯಪ್ಪ ಗಂಟಲು ಸರಿಮಾಡಿಕೊಂಡರು. "ನನ್ನ ಕಣ್ಣು ಕಿಟಕಿಗೆ ಹೋಗ್ಲಿಲ್ಲ. ಕೂತಿದ್ದಾಳಲ್ಲ, ಆ ಹೆಣ್ಣುಮಗಳ ಹತ್ರ ಹೋಯ್ತು. ಯಾಕಂದ್ರೆ ಇಡೀ ಚಿತ್ರದಲ್ಲಿ ಕಿಟಕಿ ಇದೆ ಅನ್ನೋದು ಗೊತ್ತಿಲ್ದೇ ಇರೋದು ಅವಳೊಬ್ಬಳಿಗೇ."

"ಅಂದ್ರೆ?" ಎಂದ ಭಾವ.

"ಬೆಳಕು ಮೇಜಿನ ಮೇಲೆ ಬಿದ್ದಿದೆ. ನೆಲದ ಮೇಲೆ ಬಿದ್ದಿದೆ. ಕುರ್ಚಿ ಕಾಲಿಗೂ ಬಿದ್ದಿದೆ, ನೋಡಿ. ಇವಳಿಗೆ ಬಿದ್ದಿಲ್ಲ. ಕೆನ್ನೆ ಮೇಲಿರೋದು ಕಂಪ್ಯೂಟರಿನ ನೀಲಿ. ಬೇರೆಯೋರಿಗೆಲ್ಲ ನೆರಳು ಹಂಚೋಕೆ ಗೊತ್ತಿರೋ ಕೈ ಇದನ್ನ ಮಾಡಿರೋದು, ಹೆಂಗೆ ಬಿಟ್ಟಿತೋ ನಂಗೆ ಅರ್ಥ ಆಗ್ತಾ ಇಲ್ಲ." ಮೂರನೇ ನಿಯಮ ಅವರಿಗೂ ನೆನಪಿತ್ತು. ಅದನ್ನೂ ಹೇಳಿದರು, "ತಿದ್ದೋ ದಾರಿ ಒಂದೇ. ಬಣ್ಣ ಬಳಿದ್ರೆ ಆಗಲ್ಲ. ಆ ಹೆಣ್ಣುಮಗಳನ್ನ ಎಬ್ಬಿಸಿ ಕರ್ಕೊಂಡು ಹೋಗಿ, ನಿಜವಾದ ಬಿಸಿಲಲ್ಲಿ ಕೂರಿಸಿ, ಹೊಸದಾಗಿ ತೆಗೀಬೇಕು."

ಚಿಕ್ಕಮ್ಮ ಈಗ ನೋಡಿದಳು. ನಿಜ. ನಿನ್ನೆ ಮೊನ್ನೆ ಕಲಿತವರೂ ಮಾಡದ ತಪ್ಪು. ಕಿಟಕಿ ಕೊಟ್ಟಿದ್ದಾಳೆ, ಬೀದಿ ಕೊಟ್ಟಿದ್ದಾಳೆ, ಕುರ್ಚಿಯ ಕಾಲಿಗೂ ಪಾಲು ಕೊಟ್ಟಿದ್ದಾಳೆ. ತನಗೆ ಕೊಟ್ಟುಕೊಳ್ಳುವುದು ಹೊಳೆದೇ ಇಲ್ಲ.

"ಸರಿ, ಯಾರದಿದು? ಕೈ ಎತ್ತಿ," ಎಂದ ಭಾವ.

ಎತ್ತಬೇಕು. ಎತ್ತಿದರೆ ಯಾಕೆ ಮಾಡಿದೆ ಎನ್ನುತ್ತಾನೆ, ಶಾಲೆಯ ಮಾತು ಹೇಳಬೇಕು, ಆತ ಮತ್ತೆ ಲೋಟ ಕೆಳಗಿಡುತ್ತಾನೆ, ಊಟ ಬಿಡುತ್ತಾನೆ, ಇವಳು ಮೂರನೇ ದಿನ 'ಸುಮ್ನೆ ಅಂದೆ' ಎನ್ನುತ್ತಾಳೆ. ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಅವಳ ಕೈ ಏಳಲಿಲ್ಲ. ನಿಯಮ ಹಾಕಿದವಳೇ ನಿಯಮ ಮುರಿದು ನಿಂತಳು.

ಭಾವ ನಕ್ಕ. "ವಾರಸುದಾರರಿಲ್ಲ ಅಂತಾಯ್ತು. ಹಾಗಾದ್ರೆ ಸ್ಟುಡಿಯೋದ್ದು. ಶುಕ್ರವಾರ ಸೀಲು ಹಾಕಿ ಅಂಗಡಿ ಮುಂದಿನ ಗಾಜಿನ ಶೋಕೇಸಲ್ಲಿ ಇಡೋಣ." ಅದೂ ಅಲ್ಲಿಯ ಪದ್ಧತಿಯೇ. ಯಾರೂ ತಮ್ಮದೆನ್ನದ ಚಿತ್ರಕ್ಕೆ ಸೀಲು ಬೀಳುತ್ತದೆ. ಸೀಲು ಬಿದ್ದ ಮೇಲೆ ಅದು ಭಾವನದು. ಸೋಮವಾರ ಹಿಡಿದುಕೊಂಡು ಹೋಗಲು ಅವಳ ಕೈಯಲ್ಲಿ ಏನೂ ಇರುವುದಿಲ್ಲ.

ಗುರುವಾರ ಬೆಳಿಗ್ಗೆ ಅವಳು ಮಾಡಿದ ಮೊದಲ ಕೆಲಸ, ತನ್ನ ಮೇಲೆ ಬಿಸಿಲು ಬಿದ್ದ ಒಂದು ಫೋಟೋ ಹುಡುಕಿದ್ದು. ಸ್ಟುಡಿಯೋದ ಹಳೆಯ ಸಂಗ್ರಹದಲ್ಲಿ ಲಕ್ಷಗಟ್ಟಲೆ ಚಿತ್ರಗಳಿವೆ. ಅಕ್ಕನ ಮಕ್ಕಳ ಹುಟ್ಟುಹಬ್ಬ, ಹಿರಿಯವಳ ಮದುವೆ, ಮನೆಯ ಗುಂಪು. ಎರಡು ಗಂಟೆ ಹುಡುಕಿದಳು. ಹನ್ನೊಂದು ಚಿತ್ರದಲ್ಲಿ ಅವಳಿದ್ದಳು. ಒಂದರಲ್ಲಿ ಬೆಳಕು ತಿರುಗಿಸುವ ಬಿಳಿ ಹಲಗೆ ಹಿಡಿದ ಕೈ. ಒಂದರಲ್ಲಿ ಮಗುವನ್ನು ಕ್ಯಾಮೆರಾದತ್ತ ನೋಡಿಸಲು ಗಿಲಕಿ ಆಡಿಸುತ್ತಿರುವ ಮೊಣಕೈ. ಬೆನ್ನು, ಜಡೆ, ಸೆರಗಿನ ತುದಿ. ಮುಖವಿದ್ದ ಒಂದೇ ಒಂದರಲ್ಲಿ ಅವಳು ಕಣ್ಣು ಮುಚ್ಚಿದ್ದಳು. ಊರಿನವರ ತಾತಂದಿರನ್ನೆಲ್ಲ ಗುಂಪಿಗೆ ಸೇರಿಸಿದವಳು ತನ್ನ ಮನೆಯ ಗುಂಪಿನ ಒಂದು ಚಿತ್ರದಲ್ಲೂ ಇಡಿಯಾಗಿ ಇರಲಿಲ್ಲ. ಅಳು ಬಂತು, ಅತ್ತಳು. ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ, ಆ ಕೋಣೆಗಿದ್ದ ಒಂದೇ ಅನುಕೂಲ ಅದು.

ಆಮೇಲೆ ಕ್ಯಾಮೆರಾ ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಅಂಗಡಿಯಲ್ಲಿ ಭಾವ ತಲೆ ಎತ್ತಿ, "ಏನಮ್ಮ, ಹುಷಾರಿಲ್ವಾ?" ಎಂದ. ಆ ಹೊತ್ತಿಗೆ ಅವಳು ಮೇಲೆ ಹೋದದ್ದನ್ನು ಅವನು ಕಂಡವನಲ್ಲ. "ಒಂದ್ ಕೆಲಸ ಇದೆ ಭಾವ," ಎಂದು ನಿಲ್ಲದೆ ಹತ್ತಿದಳು.

ಅಡುಗೆಮನೆಯ ಬಾಗಿಲಲ್ಲಿ ಅವಳ ಕಾಲು ನಿಂತುಬಿಟ್ಟಿತು. ಒಳಗೆಲ್ಲ ಬಿಸಿಲು. ಎದುರಿನ ಎರಡು ಎತ್ತರದ ಕಟ್ಟಡಗಳ ಸಂದಿಯಿಂದ ನುಸುಳಿಕೊಂಡು ಬಂದು ಒಲೆಯ ಕಟ್ಟೆ, ನೀರಿನ ಕೊಡ, ಒರಗಿಸಿಟ್ಟ ತಟ್ಟೆಗಳ ಮೇಲೆಲ್ಲ ಬಿದ್ದಿತ್ತು. ಬೆಳಗಿನ ಆರಕ್ಕೆ ಬಲ್ಬು ಹಾಕಿಕೊಂಡು ಅಡುಗೆ ಮಾಡಿ, ಸಂಜೆ ಮತ್ತೆ ಬಲ್ಬು ಹಾಕಿಕೊಂಡು ಪಾತ್ರೆ ತೊಳೆದ ಅಡುಗೆಮನೆ ಇದೇನಾ ಎಂದು ಅವಳಿಗೆ ಅನುಮಾನವೇ ಬಂತು.

ಪರೀಕ್ಷೆಗೆ ಓದಲು ರಜೆ ಹಾಕಿ ಮನೆಯಲ್ಲಿದ್ದ ಕಿರಿಯವಳು ಪುಸ್ತಕ ಹಿಡಿದುಕೊಂಡೇ ಬಂದಳು. "ಏನ್ ಚಿಕ್ಕಮ್ಮ, ಹಾಗೆ ನಿಂತಿದೀಯಾ?"

"ಬಿಸಿಲು," ಎಂದಳು ಇವಳು.

"ಇದಾ? ದಿನಾ ಬರುತ್ತಲ್ಲ. ಹನ್ನೊಂದಕ್ಕೆ ಬರುತ್ತೆ, ಇಪ್ಪತ್ತು ನಿಮಿಷ ಇರುತ್ತೆ, ಹೋಗುತ್ತೆ. ನಿಂಗೊತ್ತಿಲ್ವಾ?"

ಚಿಕ್ಕಮ್ಮ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು, ಒಂದು ಮಣೆ ಎಳೆದುಕೊಂಡು ಕಿಟಕಿಯ ಪಕ್ಕ ಕೂತಳು. "ತೆಗಿ. ಮುಖ ಕಾಣ್ಬೇಕು." ಕಿರಿಯವಳು ಒಂದಷ್ಟು ತೆಗೆದಳು. ತೆಗೆಯುತ್ತಾ ಯಾಕೆ ಏನು ಎಂದು ಕೇಳಿದಳು, ಇವಳು ಹೇಳಿದಳು. ಶಾಲೆ, ಮೇಡಂ, ಸೋಮವಾರ, ಸೀಲು, ಏಳದೆ ಉಳಿದ ಕೈ. ಹೇಳಿ ಮುಗಿಸಿ, "ನಿನ್ನ ಓದು ಮುಗಿದ್ಮೇಲೆ ನೋಡೋಣ ಅಂತಾನೂ ಅನ್ಸುತ್ತೆ" ಎಂದಳು, ಅಭ್ಯಾಸ ಬಲ.

ಕಿರಿಯವಳು ಕ್ಯಾಮೆರಾ ಇಳಿಸಿದಳು. "ಚಿಕ್ಕಮ್ಮ, ನಂಗೆ ಹಾಲುಹಲ್ಲು ಬಿದ್ದು ಹೊಸದು ಬಂದು ಹನ್ನೆರಡು ವರ್ಷ ಆಯ್ತು. ಅದರಲ್ಲಿ ಒಂದು ಹುಳುಕಾಗಿ ಕೀಳಿಸಿದ್ದೂ ಆಯ್ತು. ಇನ್ನು ಯಾವ ಹಲ್ಲಿಗೆ ಕಾಯ್ತಿದೀಯಾ ನೀನು?"

ಇಬ್ಬರೂ ನಕ್ಕರು. ನಗುವಾಗಲೇ ಬಿಸಿಲು ಕಟ್ಟೆಯಿಂದ ಜಾರಿ ನೆಲಕ್ಕೆ ಇಳಿಯಿತು. ಕಿರಿಯವಳು ಬಾಗಿ ಒಂದು ಕೊನೆಯ ಚಿತ್ರ ತೆಗೆದಳು. ಅದೇ ಚೆನ್ನಾಗಿ ಬಂದದ್ದು.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಭಾವ ಸೀಲಿನ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟುಕೊಂಡಿದ್ದ. ಚಿಕ್ಕಮ್ಮ ಕೆಳಗಿನಿಂದ ಬಂದಳು, ಹಿಂದೆಯೇ ಮಸಿಯಪ್ಪ, ಏನೋ ನೆಪ ಮಾಡಿಕೊಂಡು. ಹಲಗೆಯ ಮೇಲಿದ್ದ ಹಳೆಯ ಪ್ರಿಂಟು ಕಿತ್ತು ಹೊಸದನ್ನು ಚುಚ್ಚಿದಳು. ಯಾರೂ ಮಾತಾಡುವ ಮೊದಲೇ ಕೈ ಎತ್ತಿದಳು.

"ನಂದು ಭಾವ."

ಇದು ಗೋಡೆಯ ಕ್ರಮವೇ ಅಲ್ಲ. ಮಾತು ಮುಗಿದ ಮೇಲೆ ಕೈ ಎತ್ತಬೇಕು. ಅವಳ ಕೈ ಮೇಲೇ ಇತ್ತು.

ಭಾವ ಎದ್ದು ಬಂದ. ಈ ಸಲ ಕುರ್ಚಿಯಲ್ಲಿ ಕೂತವಳು ಕಿಟಕಿಯತ್ತ ತಿರುಗಿದ್ದಳು. ಹಣೆ, ಮೂಗು, ಕೆನ್ನೆಯ ಮೇಲೆಲ್ಲ ಬಿಸಿಲು. ಕಿವಿಯ ಹತ್ತಿರದ ನರೆಗೂದಲು ಎಳೆ ಎಳೆ ಹೊಳೆಯುತ್ತಿತ್ತು. ಬಾಯಿ ನಗುತ್ತಿತ್ತು. ಭಾವ ಕನ್ನಡಕ ಏರಿಸಿ ನೋಡಿದ.

"ನನ್ನ ಕಣ್ಣು ಮೊದಲು ಮುಖಕ್ಕೆ ಹೋಯ್ತು," ಎಂದ ನಿಧಾನವಾಗಿ, ನಿಯಮದಂತೆ. "ನೀನು ನಿಮ್ಮಕ್ಕನ ಹಾಗೆ ಇದೀಯಾ ಅಂತ ಎಲ್ರೂ ಅಂತಿದ್ರು. ಇಲ್ಲ. ನೀನು ಬೇರೆ ಥರ ಇದೀಯಾ." ಆಮೇಲೆ ಕೋಣೆಯನ್ನು ನೋಡಿದ. ಮೇಜು, ತಗ್ಗಾದ ಕುರ್ಚಿ. "ಇದು ನಮ್ಮ ಕೆಳಗಿನ ರೂಮು," ಎಂದ. "ಮೊನ್ನೆ ನಾನು ಯಾವ ಆಫೀಸು ಅಂದೆ."

"ಹೌದು ಭಾವ."

"ಅಲ್ಲಿ ಕಿಟಕಿ ಇಲ್ಲ ಅನ್ನೋದು ನಂಗೆ ಇಷ್ಟು ವರ್ಷ ಹೊಳೀಲೇ ಇಲ್ಲ ನೋಡು. ತಪ್ಪಾಯ್ತಮ್ಮ. ನಾಳೇನೇ ಗಾರೆಯವನನ್ನ ಕರೆಸ್ತೀನಿ. ಆ ಗೋಡೆ ಒಡೆಸಿ, ಇಷ್ಟೇ ದೊಡ್ಡ ಕಿಟಕಿ ಇಡಿಸ್ತೀನಿ." ಅವನ ಮುಖ ಅರಳಿತ್ತು. ತಪ್ಪೂ ಸಿಕ್ಕಿತ್ತು, ತಿದ್ದುವ ದಾರಿಯೂ ಸಿಕ್ಕಿತ್ತು. ಮನಸಾರೆ ಹೇಳಿದ ಮಾತು. ಚಿಕ್ಕಮ್ಮನ ಮುಂದೆ ಇನ್ನೊಂದು 'ಆಗಲಿ' ಬಂದು ಬಾಗಿಲಿಗೆ ಅಡ್ಡ ನಿಂತಿತ್ತು: ಕಿಟಕಿ ಆಗಲಿ.

"ಆ ಗೋಡೆ ಆಚೆ ಮಣ್ಣಿದೆ ಭಾವ," ಎಂದಳು.

ನೆಲದ ಕೆಳಗಿನ ಕೋಣೆಯ ಗೋಡೆಯಾಚೆ ಏನಿರುತ್ತದೆ ಎನ್ನುವುದನ್ನು ಅವನು ಈಗಷ್ಟೇ ಯೋಚಿಸುತ್ತಿದ್ದ. ಮಸಿಯಪ್ಪ ಉಗುರು ನೋಡಿಕೊಳ್ಳುತ್ತಾ ನಿಂತರು.

"ಮಣ್ಣು," ಎಂದ ಭಾವ. "ಹಾಗಾದ್ರೆ ಇದನ್ನ ತಿದ್ದೋಕಾಗಲ್ಲ."

"ಆಗುತ್ತೆ ಭಾವ. ನಾನೂ ಆಗಲ್ಲ ಅಂದ್ಕೊಂಡೇ ಇಷ್ಟು ವರ್ಷ ಹೇಳ್ಲಿಲ್ಲ. ಕಿಟಕಿಯನ್ನ ಅಲ್ಲಿಗೆ ತರೋಕಾಗಲ್ಲ. ಕೂತಿರೋಳು ಎದ್ದು ಹೋಗ್ಬಹುದು." ಶಾಲೆಯ ಮಾತು ಹೇಳಿದಳು, ಎಲ್ಲವನ್ನೂ, ಉಸಿರು ತೆಗೆದುಕೊಳ್ಳದೆ. ಕೊನೆಗೆ, "ನೀವು ಊಟ ಬಿಡ್ಬೇಡಿ. ಬಿಟ್ರೂ ಈ ಸಲ ನಾನು ಸುಮ್ನೆ ಅಂದೆ ಅನ್ನಲ್ಲ," ಎಂದಳು.

ಆತ ಸೀಲಿನ ಡಬ್ಬಿಯ ಮುಚ್ಚಳವನ್ನು ತೆಗೆದ, ಮುಚ್ಚಿದ, ಮತ್ತೆ ತೆಗೆದ. ಗೋಡೆಯ ಮುಂದೆ ತಪ್ಪಿಗೆ ದಾರಿ ಹೇಳಿದವರನ್ನು ಕೇಳುವ ಪ್ರಶ್ನೆ ಒಂದೇ. ಆತನೂ ಅದನ್ನೇ ಕೇಳಿದ.

"ಯಾವತ್ತಿಗೆ?"

"ಸೋಮವಾರ. ಹನ್ನೊಂದಕ್ಕೆ."

ಡಬ್ಬಿ ಮುಚ್ಚಿಕೊಂಡಿತು. ಅದನ್ನು ಅವನು ಡ್ರಾಯರಿನೊಳಗೆ ಇಟ್ಟ. ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಚಿತ್ರದ ಹತ್ತಿರ ಹೋಗಿ, ಅವಳ ಕೆನ್ನೆಯ ಮೇಲಿನ ಬಿಸಿಲಿನ ಹತ್ತಿರ ಬೆರಳು ತಂದು, ಮುಟ್ಟದೆ ನಿಲ್ಲಿಸಿದ.

"ಇಷ್ಟು ಒಳ್ಳೇ ಬೆಳಕು ಎಲ್ಲಿಂದ ತಂದೆ ಚಿಕ್ಕಮ್ಮ?"

"ನಮ್ಮ ಅಡುಗೆಮನೇದು ಭಾವ. ದಿನಾ ಬರುತ್ತಂತೆ."

ಭಾವ ತಲೆ ಎತ್ತಿ ಮೇಲಿನ ಮಾಳಿಗೆಯ ಕಡೆ ನೋಡಿದ. "ನಂಗೆ ಗೊತ್ತೇ ಇರ್ಲಿಲ್ಲ," ಎಂದ.

"ನಂಗೂ ಗೊತ್ತಿರ್ಲಿಲ್ಲ," ಎಂದಳು ಅವಳು. ಪಿನ್ನು ಕಿತ್ತು ಚಿತ್ರವನ್ನು ಬಿಡಿಸಿಕೊಂಡಳು. ಕೆಳಗೆ ಇನ್ನೂ ಮೂವರು ತಾತಂದಿರು ಕಾಲಿಲ್ಲದೆ ಕಾದಿದ್ದರು. ಸೋಮವಾರದೊಳಗೆ ಅವರನ್ನು ನಿಲ್ಲಿಸಿ ಹೋಗಬೇಕಿತ್ತು.